ಬೇಕಾದ ಮಾತಿಗೊಂದು ಕಾರಣ

ರಾಬ್ಸೆಲ್ ಗೆನ್ ಆನಿಗಳ ಮಠಕ್ಕೆ, ಅಂದರೆ ಟಿಬೆಟಿ ಬೌದ್ಧ ಸನ್ಯಾಸಿನಿಯರ ಮಠಕ್ಕೆ, ತರ್ಕ ಕಲಿಸಲು ಬಂದ ಮೊದಲ ದಿನ ಗ್ರಂಥ ಬಿಚ್ಚಲೇ ಇಲ್ಲ. ಗೆನ್ ಎಂದರೆ ಅವರ ಭಾಷೆಯಲ್ಲಿ ಗುರು. ಅಂಗಳದ ಗೋಡೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಅಡುಗೆಮನೆಯ ಬೆಕ್ಕನ್ನು ತೋರಿಸಿ, ‘ಆ ಬೆಕ್ಕು ಹಾಲು ಕುಡಿಯತ್ತೆ. ಯಾಕಂದ್ರೆ ಅದಕ್ಕೆ ನಾಲ್ಕು ಕಾಲಿದೆ. ಏನಂತೀರಿ?’ ಎಂದು ಕೇಳಿದರು. ತಲೆ ಬೋಳಿಸಿಕೊಂಡು ಸಾಲಾಗಿ ಕೂತಿದ್ದ ಸನ್ಯಾಸಿನಿಯರೆಲ್ಲ ಒಂದೇ ದನಿಯಲ್ಲಿ ‘ಒಪ್ಪಿದೆ’ ಎಂದರು. ಒಪ್ಪದೆ ಏನು? ಆ ಬೆಕ್ಕು ಹಾಲು ಕುಡಿಯುವುದನ್ನು ದಿನಾ ಕಂಡವರು ಅವರು, ಕದ್ದು ಕುಡಿಯುವುದನ್ನೂ ಕಂಡವರು. ಗೆನ್ ತಮ್ಮ ಮುಂದಿದ್ದ ಮೇಜನ್ನು ತಟ್ಟಿ, ‘ಇದಕ್ಕೂ ನಾಲ್ಕು ಕಾಲಿದೆ. ಸಂಜೆ ಇದಕ್ಕೂ ಒಂದು ಬಟ್ಟಲು ಹಾಲಿಡಿ’ ಎಂದರು.

ಎಲ್ಲರೂ ನಕ್ಕರು. ಪೆಲ್ಮೋ ಮಾತ್ರ ನಗಲಿಲ್ಲ. ಹಿಮಾಲಯದ ಸ್ಪಿತಿಯ ಕಡೆಯಿಂದ ಬಂದ ಹುಡುಗಿ ಅವಳು, ಆಗಿನ್ನೂ ಹೊಸಬಳು. ತಾನು ಇಷ್ಟು ಸಲೀಸಾಗಿ ಮೋಸ ಹೋದೆನಲ್ಲ ಎಂದು ಅವಳ ಮುಖ ಕೆಂಪಗಾಗಿತ್ತು. ಗೆನ್ ಅದನ್ನು ಗಮನಿಸಿದರು. ‘ಕಿವಿ ಮೊದಲು ತೀರ್ಮಾನ ಕೇಳಿಸ್ಕೊಳ್ಳತ್ತೆ ಕಣಮ್ಮ,’ ಎಂದರು. ‘ತೀರ್ಮಾನ ಇಷ್ಟ ಆಯ್ತೋ, ಹಿಂದೆ ಬರೋ ಕಾರಣಕ್ಕೆ ಬಾಗಿಲು ತೆಗೆದುಬಿಡತ್ತೆ, ಬಂದವನು ಕಳ್ಳನೋ ಸುಳ್ಳನೋ ನೋಡಲ್ಲ. ಇಷ್ಟ ಆಗ್ಲಿಲ್ವೋ, ಸಜ್ಜನ ಬಂದ್ರೂ ಹೊಸಿಲಲ್ಲೇ ನಿಲ್ಸತ್ತೆ. ಈ ಅಂಗಳದಲ್ಲಿ ನಾನು ಕಲ್ಸೋದು ಇಷ್ಟೇ. ಬಾಗಿಲಲ್ಲಿ ನಿಂತು ಕಾರಣದ ಮುಖ ನೋಡೋದು.’

ಹೇಳುವುದಕ್ಕೆ ಇಷ್ಟೇ. ಕಲಿಯುವುದಕ್ಕೆ ಪೆಲ್ಮೋಗೆ ಯೌವನವೆಲ್ಲ ಹಿಡಿಯಿತು. ಆ ವಿದ್ಯೆಯಲ್ಲಿ ಒಬ್ಬರು ನೆಲದ ಮೇಲೆ ಕೂತು ಉತ್ತರ ಕೊಡಬೇಕು. ಇನ್ನೊಬ್ಬರು ಎದುರಿಗೆ ನಿಂತು, ‘ಧೀಃ’ ಎಂದು ಕೂಗಿ, ಅಂಗೈಗೆ ಅಂಗೈ ಹೊಡೆದು, ನೆಲಕ್ಕೆ ಕಾಲು ಅಪ್ಪಳಿಸಿ ಪ್ರಶ್ನೆ ಎಸೆಯಬೇಕು. ಕೂತವರಿಗೆ ಇರುವುದು ನಾಲ್ಕೇ ಉತ್ತರ. ಕಾರಣವಿಲ್ಲದೆ ಏನಾದರೂ ಹೇಳಿದರೆ, ‘ಯಾಕೆ?’ ಎಲ್ಲ ಸರಿಯಿದ್ದರೆ, ‘ಒಪ್ಪಿದೆ.’ ಕೊಟ್ಟ ಕಾರಣವೇ ನಿಜವಲ್ಲದಿದ್ದರೆ, ‘ಕಾರಣ ಸಿದ್ಧವಿಲ್ಲ.’ ಕಾರಣ ನಿಜವಾಗಿದ್ದು ಅದರಿಂದ ಆ ತೀರ್ಮಾನ ಹೊರಡದಿದ್ದರೆ, ಬೆಕ್ಕಿನ ನಾಲ್ಕು ಕಾಲಿನ ಹಾಗೆ, ‘ವ್ಯಾಪ್ತಿ ಇಲ್ಲ.’ ಮುಗಿಯಿತು. ‘ಅದು ಹಾಗಲ್ಲ’, ‘ಒಂದು ರೀತೀಲಿ ನೋಡಿದರೆ’, ‘ನಮ್ಮ ಹಿರಿಯರು ಹೇಳ್ತಿದ್ದರು’ ಎಂಬ ನಮ್ಮ ನಿಮ್ಮ ಮನೆಯ ಮಾತುಗಳಿಗೆ ಅಲ್ಲಿ ಜಾಗವಿಲ್ಲ. ನನಗಂತೂ ಆ ಅಂಗಳವನ್ನು ನೋಡಿದಾಗಲೆಲ್ಲ, ಮದುವೆ ಮಾತುಕತೆಗಳನ್ನೂ ಆಸ್ತಿ ಪಂಚಾಯಿತಿಗಳನ್ನೂ ಇಲ್ಲಿಗೇ ತಂದು ನಡೆಸಬಾರದೆ ಅನ್ನಿಸಿದೆ.

ಹಿಂದಿನ ಕಾಲದಲ್ಲಿ ಆನಿಗಳಿಗೆ ಈ ವಿದ್ಯೆ ಇರಲಿಲ್ಲ. ಪೂಜೆ, ಜಪ, ದೀಪದ ಬತ್ತಿ, ಅಷ್ಟೇ. ಆಚೆ ಬೆಟ್ಟದ ದೊಡ್ಡ ವಿಹಾರದಲ್ಲಿ ಪ್ರತಿ ಚಳಿಗಾಲ ಭಿಕ್ಷುಗಳ ತರ್ಕಸಭೆ ಸೇರುತ್ತಿತ್ತು. ತಿಂಗಳುಗಟ್ಟಲೆ ನಡೆಯುವ ಆ ಸಭೆಯಲ್ಲಿ ಪಳಗದೆ ಯಾರೂ ಪಂಡಿತರಾಗಲು ಸಾಧ್ಯವಿಲ್ಲ. ಆನಿಗಳಿಗೂ ಅಲ್ಲಿ ಉತ್ತರದ ಪೀಠದಲ್ಲಿ ಕೂರುವ ಹಕ್ಕು ಕೊಡಿ ಎಂದು ರಾಬ್ಸೆಲ್ ಗೆನ್ ವರ್ಷಾ ವರ್ಷಾ ವಿಹಾರದ ಹಿರಿಯರ ಮುಂದೆ ಹೋಗಿ ನಿಲ್ಲುತ್ತಿದ್ದರು. ನಿಂತು ಒಂದೇ ಮಾತು ಹೇಳುತ್ತಿದ್ದರು: ‘ಆನಿಗಳು ಆ ಪೀಠಕ್ಕೆ ಅರ್ಹರು. ಯಾಕೆಂದರೆ ಮನಸ್ಸಿಗೆ ಗಂಡು ಹೆಣ್ಣು ಎಂಬುದಿಲ್ಲ.’

ಎಂಥ ಮಾತು! ಆನಿಗಳ ಮಠದಲ್ಲಿ ಅದು ಮಂತ್ರವಾಗಿಬಿಟ್ಟಿತ್ತು. ರೊಟ್ಟಿ ತಟ್ಟುವಾಗ ಹೇಳಿಕೊಳ್ಳುತ್ತಿದ್ದರು. ಕಾಯಿಲೆ ಬಿದ್ದವರಿಗೆ ಹೇಳಿ ಧೈರ್ಯ ತುಂಬುತ್ತಿದ್ದರು. ಊಟದ ಕೋಣೆಯ ಪರದೆಯ ಮೇಲೆ ಯಾರೋ ಅದನ್ನು ಹಳದಿ ನೂಲಿನಲ್ಲಿ ಕಸೂತಿ ಹಾಕಿದ್ದರು. ವಿಹಾರದ ಹಿರಿಯರು ಮಾತ್ರ ಪ್ರತಿ ಸಲವೂ ಚಹಾ ಕೊಟ್ಟು, ‘ನೋಡೋಣ ಗೆನ್ ಲಾ’ ಎಂದು, ಗೌರವದ ‘ಲಾ’ ಸೇರಿಸಿಯೇ, ಕಳಿಸುತ್ತಿದ್ದರು. ತರ್ಕದ ಅಂಗಳದಲ್ಲಿ ಇಲ್ಲದ ಐದನೆಯ ಉತ್ತರ ಅದು. ಕೊನೆಗೆ ಈ ವರ್ಷ, ಗೆನ್ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುವುದನ್ನು ನೋಡಿ ಮನಸ್ಸು ಕರಗಿಯೋ ಏನೋ, ಒಬ್ಬ ಆನಿ ಒಂದು ದಿನ ಬಂದು ಉತ್ತರದ ಪೀಠದಲ್ಲಿ ಕೂರಲಿ ಎಂದರು. ಅವಳು ನಿಭಾಯಿಸಿದರೆ ಮುಂದಿನ ವರ್ಷದಿಂದ ಎಲ್ಲರೂ ಬರಬಹುದು. ನಿಭಾಯಿಸದಿದ್ದರೆ ಈ ಮಾತು ಇನ್ನು ಎತ್ತಬಾರದು.

ಆ ಒಬ್ಬಳು ಪೆಲ್ಮೋ ಎಂದು ಗೆನ್ ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ, ಪೆಲ್ಮೋ ಒಬ್ಬಳನ್ನು ಬಿಟ್ಟು.

ಸಭೆಗೆ ಕೆಲವು ದಿನ ಮುಂಚೆ, ಮಧ್ಯಾಹ್ನದ ಊಟವಾದ ಮೇಲೆ ಅವಳು ಅಂಗಳದಲ್ಲಿ ಗೆಳತಿ ಝೋಂಪಾಳ ಜೊತೆ ಅಭ್ಯಾಸಕ್ಕೆ ಕೂತಿದ್ದಳು. ಝೋಂಪಾ ಅವಳ ಓರಗೆಯವಳು, ಗಟ್ಟಿ ಗಂಟಲಿನವಳು, ಚಪ್ಪಾಳೆ ಹೊಡೆದರೆ ಪಾರಿವಾಳ ಹಾರಿಹೋಗುವಂಥವಳು. ಕಠಿಣ ಪ್ರಶ್ನೆಗಳೆಲ್ಲ ಮುಗಿದು ಇಬ್ಬರಿಗೂ ದಣಿವಾಗಿತ್ತು.

‘ಸಾಕು, ಒಂದು ಸಿಹಿಯಾದ್ದು ಕೇಳಿ ಮುಗಿಸ್ತೀನಿ,’ ಎಂದು ಝೋಂಪಾ ಕೈಯೆತ್ತಿದಳು. ‘ಧೀಃ. ವಿಷಯ: ಆನಿಗಳು. ಅವರು ಪೀಠಕ್ಕೆ ಅರ್ಹರು. ಯಾಕಂದ್ರೆ ಅವರ ಮನಸ್ಸಿಗೆ ಗಂಡು ಹೆಣ್ಣು ಅನ್ನೋದಿಲ್ಲ.’

‘ಒಪ್ಪಿದೆ,’ ಎಂದಳು ಪೆಲ್ಮೋ. ಬಾಯಿಗೆ ಅಭ್ಯಾಸವಾಗಿದ್ದ ಮಾತು, ತಡೆಯಿಲ್ಲದೆ ಬಂತು.

ಆ ಹೊತ್ತಿಗೆ ಗೇಟಿನಲ್ಲಿ ಬೆಟ್ಟದ ಗದ್ದಿ ಬುಡಕಟ್ಟಿನ ಕುರುಬನ ಹೇಸರಗತ್ತೆ ಸೌದೆ ಹೊತ್ತುಕೊಂಡು ಒಳಗೆ ಬಂತು. ಅದಕ್ಕೆ ಸುಬೇದಾರ ಎಂದು ಹೆಸರು. ಝೋಂಪಾಳಿಗೆ ತುಂಟತನ ಹೆಚ್ಚು. ಕೈ ಮತ್ತೆ ಮೇಲೆತ್ತಿ, ‘ವಿಷಯ: ಸುಬೇದಾರ. ಅವನೂ ಪೀಠಕ್ಕೆ ಅರ್ಹ. ಯಾಕಂದ್ರೆ ಅವನ ಮನಸ್ಸಿಗೂ ಗಂಡು ಹೆಣ್ಣು ಅನ್ನೋದಿಲ್ಲ’ ಎಂದಳು. ಹೇಳಿ, ತನ್ನ ಮಾತಿಗೆ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪೆಲ್ಮೋ ಕೂಡ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. ಝೋಂಪಾ ಇನ್ನೂ ನಗುತ್ತಲೇ ಇದ್ದಳು.

‘ಝೋಂಪಾ, ವ್ಯಾಪ್ತಿ ಇಲ್ಲ ಕಣೇ.’

‘ಯಾವುದಕ್ಕೆ? ಕತ್ತೆಗಾ?’

‘ಅಲ್ಲ. ಗೆನ್ ಲಾ ಮಾತಿಗೆ.’

ಝೋಂಪಾಳ ಮುಖದ ನಗು ಒಂದೇ ಸಲಕ್ಕೆ ಇಳಿಯಿತು. ‘ತಮಾಷೆಗೆ ಅಂದೆ ನಾನು. ನೀನೇನೇ ಅದನ್ನ ಹಿಡ್ಕೊಂಡು ಕೂತೆ.’

‘ತಮಾಷೆ ಆದ್ರೇನು, ನೋಡು. ಮನಸ್ಸಿಗೆ ಗಂಡು ಹೆಣ್ಣಿಲ್ಲ ಅನ್ನೋದು ನಿಜ. ನಾವು ಅರ್ಹರು ಅನ್ನೋದೂ ನಿಜ. ಆದ್ರೆ ಅದರಿಂದ ಇದು ಬರಲ್ಲ. ಬರೋ ಹಾಗಿದ್ರೆ ಮನಸ್ಸಿರೋ ಎಲ್ಲಾ ಪ್ರಾಣೀನೂ ಬಂದು ಕೂರಬೇಕಾಗ್ತಿತ್ತು. ಇಷ್ಟು ವರ್ಷ ದಿನಾ ಹೇಳಿದ್ದೀವಿ, ಒಬ್ಬರಿಗೂ ಕಾಣ್ಲಿಲ್ಲ.’

‘ಕಾಣ್ಬೇಕಾಗೂ ಇಲ್ಲ,’ ಎಂದಳು ಝೋಂಪಾ. ದನಿ ತಗ್ಗಿಸಿದ್ದಳು, ಸಿಟ್ಟು ತಗ್ಗಿರಲಿಲ್ಲ. ‘ಇಪ್ಪತ್ತು ಸಲ ಅವರ ಮೆಟ್ಟಿಲು ಹತ್ತಿ ಆ ಮುದುಕರು ಮಂಡಿ ಸವೆಸ್ಕೊಂಡಿದ್ದಾರೆ. ಆ ಮಾತಿನಿಂದ್ಲೇ ನಿನಗೆ ಇವತ್ತು ಆ ಪೀಠ ಸಿಕ್ಕಿರೋದು. ಹತ್ತಿದ ಏಣೀನೇ ಒದೀತೀಯಾ? ಗುರುಗಳ ಮಾತು ಮುರಿದ್ರೆ ಆ ಪಾಪ ಎಲ್ಲಿ ತೊಳ್ಕೊಳ್ತೀಯ?’

‘ಅಲ್ಲಿ ಯಾರಾದ್ರೂ ಇದನ್ನೇ ಎಸೆದ್ರೆ?’

‘ಒಪ್ಪಿದೆ ಅನ್ನು. ಮುಂದಕ್ಕೆ ಕತ್ತೆ ತಂದ್ರೆ ಏನಾದ್ರೂ ಹೇಳಿ ಜಾರ್ಕೋ. ನಮಗೆ ಬೇಕಾದ್ದು ನಮಗೆ ಸಿಗ್ತಿರುವಾಗ ಕಾರಣ ಸರಿಯಾಗಿತ್ತೋ ಇಲ್ವೋ ಅನ್ನೋದನ್ನ ಕಟ್ಕೊಂಡು ಯಾರಿಗೇನಾಗ್ಬೇಕು?’

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಝೋಂಪಾ ದಡ್ಡಿಯಲ್ಲ. ಬೇರೆ ಯಾರದಾದರೂ ಮಾತಾಗಿದ್ದರೆ ಅವಳೇ ಮೊದಲು ಹಿಡಿದು ಹರಿದುಹಾಕುತ್ತಿದ್ದಳು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು, ಮತ್ತು ಈ ಮಾತನ್ನು ಆ ಮಠವೆಲ್ಲ ಸೇರಿ ಹೆತ್ತಿತ್ತು.

ಪೆಲ್ಮೋ ಆ ಸಂಜೆಯೇ ಗೆನ್ ಅವರ ಕೋಣೆಗೆ ಹೋದಳು. ಮೊದಲೇ ಹೇಳಿಬಿಟ್ಟರೆ, ಅವರೇ ಬೇರೆ ಕಾರಣ ಕಟ್ಟಿಕೊಟ್ಟಾರು ಎಂದು ಅವಳ ಆಸೆ. ಗೆನ್ ಮಂಚದ ಮೇಲೆ ಕೂತು, ಬಟ್ಟಲಲ್ಲಿ ಹುರಿದ ಬಾರ್ಲಿ ಹಿಟ್ಟಿಗೆ ಬೆಣ್ಣೆ ಚಹಾ ಹಾಕಿ ಬೆರಳಲ್ಲಿ ಕಲೆಸುತ್ತಿದ್ದರು. ಮೊಣಕಾಲಿಗೆ ಸಾಸಿವೆ ಎಣ್ಣೆ ಹಚ್ಚಿದ ವಾಸನೆ ಕೋಣೆಯಲ್ಲಿ ತುಂಬಿತ್ತು.

‘ಬಾ, ಬಾ. ನಿನ್ನ ವಿಷಯಾನೇ ಯೋಚಿಸ್ತಿದ್ದೆ,’ ಎಂದರು. ‘ನನಗೊಂದು ಆಸೆ ಇದೆ, ಹೇಳಲಾ? ಅಷ್ಟು ಜನ ಭಿಕ್ಷುಗಳ ಮುಂದೆ ನೀನು ಕೂತಿರಬೇಕು. ಯಾರಾದ್ರೂ ಒಬ್ಬ ಎದ್ದು ನನ್ನ ಆ ಮಾತು ಎಸೀಬೇಕು. ನಿನ್ನ ಬಾಯಲ್ಲಿ ಒಪ್ಪಿದೆ ಅಂತ ಬರಬೇಕು. ನಾನು ಅದನ್ನ ಕೇಳಬೇಕು. ಸಣ್ಣ ಆಸೆ. ಮುದುಕರಿಗೆ ದೊಡ್ಡ ಆಸೆ ಇರಬಾರದು.’

‘ಗೆನ್ ಲಾ, ಆ ಮಾತಿನಲ್ಲಿ...’

‘ಏನು?’

ಅವರ ಬೆರಳಿಗೆ ಹಿಟ್ಟು ಮೆತ್ತಿತ್ತು. ಮುಖದಲ್ಲಿ ಹಬ್ಬಕ್ಕೆ ಊರಿಗೆ ಹೊರಟವರ ಕಳೆಯಿತ್ತು. ಪೆಲ್ಮೋ ಚಹಾದ ಪಾತ್ರೆ ಮುಟ್ಟಿ ನೋಡಿದಳು. ‘ಏನಿಲ್ಲ. ಚಹಾ ಆರಿಹೋಗಿದೆ, ಬಿಸಿ ತರ್ಲಾ?’ ಎಂದಳು. ಹೊರಗೆ ಬಂದು, ಆ ಪ್ರಶ್ನೆಯನ್ನು ಯಾರೂ ಎಸೆಯದಿರಲಿ ಎಂದು ತಾರಾದೇವಿಗೆ ಹರಕೆ ಹೊತ್ತಳು. ದೇವಿಗೆ ಆ ವಾರ ಬೇರೆ ಕೆಲಸವಿತ್ತೋ ಏನೋ.

ಸಭೆಯ ದಿನ ಬೆಳಿಗ್ಗೆ ಧೌಲಾಧಾರ ಪರ್ವತದ ಹಿಮದಿಂದ ಇಳಿದ ಗಾಳಿ ಅಂಗಳದ ಚಪ್ಪಡಿಗಳನ್ನು ಮಂಜುಗಡ್ಡೆ ಮಾಡಿಟ್ಟಿತ್ತು. ಕೆಂಗಂದು ಶಾಲು ಹೊದ್ದ ಭಿಕ್ಷುಗಳು ಒಂದರ ಹಿಂದೊಂದು ಸಾಲಾಗಿ ಕೂತಿದ್ದರು. ಎಲ್ಲಕ್ಕಿಂತ ಹಿಂದೆ, ಗೋಡೆಯ ನೆರಳಿನಲ್ಲಿ, ಆನಿಗಳಿಗೆ ಜಾಗ ಕೊಟ್ಟಿದ್ದರು. ಝೋಂಪಾ ಅಲ್ಲಿ ಜಪಮಾಲೆ ಹಿಡಿದು ಕೂತಿದ್ದಳು. ಮುಂದಿನ ಸಾಲಿನಲ್ಲಿ ವಿಹಾರದ ಮಠಾಧೀಶರು, ಅವರ ಪಕ್ಕದಲ್ಲಿ ಮೊಣಕಾಲು ಮಡಿಸಲಾರದ ರಾಬ್ಸೆಲ್ ಗೆನ್ ಒಂದು ತಗ್ಗಿನ ಸ್ಟೂಲಿನ ಮೇಲೆ. ನಡುವೆ ಒಂದು ದಿಂಬು, ಅದೇ ಉತ್ತರದ ಪೀಠ. ಪೆಲ್ಮೋ ಹೋಗಿ ಅದರ ಮೇಲೆ ಕೂತಳು.

ಮೊದಲು ಇಬ್ಬರು ಮೂವರು ಎದ್ದು ಗ್ರಂಥದ ಪ್ರಶ್ನೆ ಕೇಳಿದರು. ಪೆಲ್ಮೋ ಒಂದೊಂದಕ್ಕೂ ಶಾಂತವಾಗಿ ಉತ್ತರ ಕೊಟ್ಟಳು. ಭಿಕ್ಷುಗಳಲ್ಲಿ ಪಿಸುಮಾತು ಕಡಿಮೆಯಾಯಿತು. ಆಕಳಿಸುತ್ತಿದ್ದವರು ಬಾಯಿ ಮುಚ್ಚಿದರು. ಆಗ ಗೆಶೆ ತೊಗ್ಮೆ ಶಾಲನ್ನು ಸೊಂಟಕ್ಕೆ ಸುತ್ತಿಕೊಂಡು ಎದ್ದರು. ಗೆಶೆ ಎಂದರೆ ಪಂಡಿತ ಪದವಿ. ಉದ್ದನೆಯ ಆಳು, ಆ ವಿಹಾರದ ಕತ್ತರಿ ನಾಲಿಗೆ. ಅವರ ಎದುರು ಕೂತು ಬೆವರದೆ ಎದ್ದವರು ಚಳಿಗಾಲದಲ್ಲೂ ಇರಲಿಲ್ಲ.

‘ಧೀಃ.’ ಚಪ್ಪಾಳೆ ಗೋಡೆಗೆ ಬಡಿದು ಮರಳಿ ಬಂತು. ‘ವಿಷಯ: ಆನಿಗಳು. ಈ ಪೀಠಕ್ಕೆ ಅರ್ಹರು. ಯಾಕಂದ್ರೆ ಅವರ ಮನಸ್ಸಿಗೆ ಗಂಡು ಹೆಣ್ಣು ಅನ್ನೋದಿಲ್ಲ.’

ಹಿಂದಿನ ಸಾಲಿನಲ್ಲಿ ಆನಿಗಳು ಒಟ್ಟಿಗೆ ಉಸಿರು ಎಳೆದುಕೊಂಡರು. ಗೆನ್ ಸ್ಟೂಲಿನ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿದರು. ಕಣ್ಣಲ್ಲಿ ಆ ಸಣ್ಣ ಆಸೆ ಹಾಗೇ ಇತ್ತು. ಪೆಲ್ಮೋ ಅವರನ್ನು ನೋಡಿದಳು. ಒಪ್ಪಿದೆ ಎನ್ನುವ ಒಂದು ಶಬ್ದ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದರೆ ಈ ಮುದುಕರಿಗೆ ಎಷ್ಟು ಸುಖ ಎಂದುಕೊಂಡಳು. ಸುಖಕ್ಕಾಗಿ ಹೇಳುವುದಾಗಿದ್ದರೆ ಇವರು ತನಗೆ ಇಷ್ಟು ವರ್ಷ ಏನು ಕಲಿಸಿದರು ಎಂದೂ ಅಂದುಕೊಂಡಳು.

‘ವ್ಯಾಪ್ತಿ ಇಲ್ಲ,’ ಎಂದಳು.

ಭಿಕ್ಷುಗಳ ಸಾಲಿನಲ್ಲಿ ನಗು ಹೊರಟು ಅಲೆಯಾಗಿ ಹಿಂದಕ್ಕೆ ಹೋಯಿತು. ‘ಅವಳೇ ಬೇಡ ಅಂತಾಳಲ್ಲಪ್ಪ’ ಎಂದು ಯಾರೋ ಅಂದರು. ಝೋಂಪಾ ಶಾಲಿನಿಂದ ಮುಖ ಮುಚ್ಚಿಕೊಂಡಳು. ಗೆನ್ ಬಾಗಿದ್ದವರು ನಿಧಾನವಾಗಿ ಹಿಂದಕ್ಕೆ ಸರಿದು ಕೂತರು. ಅವರ ಮುಖದಲ್ಲಿ ಏನಿದೆಯೆಂದು ನೋಡುವ ಧೈರ್ಯ ಪೆಲ್ಮೋಗೆ ಆಗಲಿಲ್ಲ.

ತೊಗ್ಮೆ ನಗಲಿಲ್ಲ. ‘ಆ ಕಾರಣ ಯಾರದ್ದು ಅಂತ ಗೊತ್ತಾ, ಆನಿ ಲಾ?’

‘ಗೊತ್ತು ಗೆಶೆ ಲಾ. ಯಾರದ್ದು ಅನ್ನೋದು ಕಾರಣ ಅಲ್ಲ.’

‘ಹಾಗಾದ್ರೆ ಅಂಥ ಮನಸ್ಸಿದ್ದೂ ಅರ್ಹ ಅಲ್ಲದವರನ್ನ ತೋರಿಸು.’

‘ಸೌದೆ ಹೊರೋ ಹೇಸರಗತ್ತೆ.’

ಈ ಸಲದ ನಗು ಬೇರೆ ಥರದ್ದು. ಮುಂದಿನ ಸಾಲಿನ ಇಬ್ಬರು ಹಿರಿಯ ಭಿಕ್ಷುಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೆ ಆ ತೂತು ಮೊದಲಿನಿಂದ ಗೊತ್ತಿತ್ತು. ಮುದುಕರ ಮನಸ್ಸು ನೋಯಿಸುವುದೇಕೆಂದು ಬಾಯಿ ಬಿಟ್ಟಿರಲಿಲ್ಲ. ಕಾರಣ ಹುಸಿ, ಆದ್ದರಿಂದ ಬೇಡಿಕೆಯೂ ಹುಸಿ ಎಂದು ತಮ್ಮಷ್ಟಕ್ಕೆ ತೀರ್ಮಾನಿಸಿ, ಚಹಾ ಕೊಟ್ಟು ಕಳಿಸುತ್ತಿದ್ದರು. ಈಗ ತೊಗ್ಮೆ ಅವರ ಮನಸ್ಸಿನಲ್ಲಿದ್ದುದನ್ನೇ ಬಾಯಿಗೆ ತಂದರು. ಕಾಲೆತ್ತಿ ಅಪ್ಪಳಿಸಿ, ‘ಹಾಗಾದ್ರೆ ಆನಿಗಳು ಅರ್ಹರಲ್ಲ!’ ಎಂದರು.

‘ಯಾಕೆ?’

‘ಯಾಕಂದ್ರೆ ಅರ್ಹರು ಅನ್ನೋದಕ್ಕೆ ಕೊಟ್ಟ ಕಾರಣ ಮುರಿದುಬಿತ್ತು. ಮುರಿದವಳು ನೀನೇ.’

‘ವ್ಯಾಪ್ತಿ ಇಲ್ಲ.’

ಗೋಡೆಯ ಮೇಲಿದ್ದ ಪಾರಿವಾಳಗಳ ಗುಟುರು ಕೇಳುತ್ತಿತ್ತು.

‘ತೋರಿಸು,’ ಎಂದರು ತೊಗ್ಮೆ. ದನಿ ಮೊದಲಿನಷ್ಟು ಎತ್ತರವಿರಲಿಲ್ಲ.

‘ನಮ್ಮ ಗೆನ್ ಲಾ ಮೊದಲನೇ ದಿನ ಕಲ್ಸಿದ್ದು, ಗೆಶೆ ಲಾ. ಬೆಕ್ಕು ಹಾಲು ಕುಡಿಯತ್ತೆ, ಯಾಕಂದ್ರೆ ಅದಕ್ಕೆ ನಾಲ್ಕು ಕಾಲಿದೆ ಅಂದ್ರು. ಆ ಕಾರಣ ಮುರಿದು ಎಷ್ಟೋ ವರ್ಷ ಆಯ್ತು. ಬೆಕ್ಕು ಇವತ್ತೂ ಹಾಲು ಕುಡೀತಿದೆ.’

ನಗು ಬರಲಿಲ್ಲ. ಬಂದದ್ದು ‘ಹೂಂ’ ಎಂಬ ಮೆಚ್ಚುಗೆಯ ದನಿ, ನೂರಾರು ಗಂಟಲಿನಿಂದ ಒಟ್ಟಿಗೆ. ಎಲ್ಲರ ಮನೆಯ ದೋಸೆಯೂ ತೂತೇ ಎಂದು ಗೊತ್ತಿದ್ದರೂ, ತಮ್ಮ ಹೆಂಚಿನ ಮೇಲಿದ್ದುದನ್ನು ಆ ಹಿರಿಯರು ಆವತ್ತೇ ಮೊದಲು ನೋಡಿದ್ದು. ಬೇಕೆನ್ನುವವರು ತೀರ್ಮಾನ ಕೇಳಿ ಕಾರಣವನ್ನು ಒಪ್ಪಿದ್ದರು. ಬೇಡವೆನ್ನುವವರು ಕಾರಣದ ಹುಳುಕು ಹಿಡಿದು ತೀರ್ಮಾನವನ್ನೇ ತಳ್ಳಿದ್ದರು. ಎರಡು ಬೆಟ್ಟದವರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಇಷ್ಟು ವರ್ಷ ಕೂತಿದ್ದರು. ನಡುವೆ ಇದ್ದದ್ದನ್ನು ಇದ್ದ ಹಾಗೆ ನೋಡಿದವಳು ಆ ದಿಂಬಿನ ಮೇಲೆ ಕೂತಿದ್ದವಳು ಒಬ್ಬಳೇ. ಅವಳನ್ನು ನೆನೆದರೆ ನನಗೆ ಈಗಲೂ ಹೆಮ್ಮೆಯಾಗುತ್ತದೆ.

ತೊಗ್ಮೆ ಸುಮ್ಮನೆ ಅತ್ತಿತ್ತ ಎರಡು ಹೆಜ್ಜೆ ಹಾಕಿದರು. ‘ಹಾಗಾದ್ರೆ ಅರ್ಹರು ಅನ್ನೋದಕ್ಕೆ ನಿನ್ನ ಕಾರಣ ಏನು, ಅದನ್ನ ಹೇಳು.’

‘ಕಾರಣ ತರೋದು ನಿಂತವರ ಕೆಲಸ ಗೆಶೆ ಲಾ,’ ಎಂದಳು ಪೆಲ್ಮೋ. ‘ನಾನು ಕೂತಿದ್ದೀನಿ.’

ಮಠಾಧೀಶರು ಕೆಮ್ಮಿದ ಹಾಗೆ ಮಾಡಿ ನಗುವನ್ನು ನುಂಗಿಕೊಂಡರು. ತೊಗ್ಮೆಯವರ ಬಿಗಿ ಮುಖದಲ್ಲೂ ನಗು ಹರಡಿತು. ಒಳ್ಳೆಯ ಜಟ್ಟಿಗೆ ಒಳ್ಳೆಯ ಪಟ್ಟು ಬಿದ್ದಾಗ ನೋವಿಗಿಂತ ಖುಷಿಯೇ ಹೆಚ್ಚು. ಅವರು ಹಿಂದಕ್ಕೆ ಹೋಗಿ, ಶಾಲು ಸರಿಮಾಡಿಕೊಂಡು, ಈ ಸಲ ಗೆಲ್ಲುವುದಕ್ಕಲ್ಲ, ಕೊಡುವುದಕ್ಕೆಂದೇ ಕೈಯೆತ್ತಿದರು.

‘ಧೀಃ. ವಿಷಯ: ಆನಿಗಳು. ಈ ಪೀಠಕ್ಕೆ ಅರ್ಹರು. ಯಾಕಂದ್ರೆ ತಮಗೆ ಬೇಕಾದ ಮಾತಿಗೇ ಕೆಟ್ಟ ಕಾರಣ ಬಂದ್ರೂ ಅದನ್ನ ಗುರುತಿಸಿ ಮುರಿಯಬಲ್ಲವರು ಅವರು.’

ಝೋಂಪಾ ಮುಖದ ಮೇಲಿನ ಶಾಲು ಸರಿಸಿ ಎದ್ದು ನಿಂತೇಬಿಟ್ಟಳು. ಇದಕ್ಕಿಂತ ಇನ್ನೇನು ಬೇಕು? ಆ ವಿಹಾರದ ಅತಿ ಚೂಪು ನಾಲಿಗೆಯೇ ಆನಿಗಳ ಪರವಾಗಿ ಕಾರಣ ಕಟ್ಟಿಕೊಟ್ಟಿತ್ತು. ಒಂದು ಶಬ್ದ ಹೇಳಿದರೆ ಮುಗಿಯಿತು. ಪೆಲ್ಮೋ ಕಣ್ಣು ಮುಚ್ಚಿದಳು. ಮೊದಲನೆಯದಕ್ಕಿಂತ ಇದು ಕಷ್ಟ, ಯಾಕೆಂದರೆ ಇದು ಹೊಗಳಿಕೆ. ಕಣ್ಣು ತೆರೆದು, ‘ಕಾರಣ ಸಿದ್ಧವಿಲ್ಲ’ ಎಂದಳು.

‘ಅಯ್ಯೋ ನಿನ್ನ,’ ಎಂದಳು ಝೋಂಪಾ, ಎಲ್ಲರಿಗೂ ಕೇಳುವ ಹಾಗೆ.

ತೊಗ್ಮೆ ನಿಜವಾಗಿ ತಬ್ಬಿಬ್ಬಾದರು. ‘ಈಗ ತಾನೇ ಕಣ್ಣಾರೆ ನೋಡಿದೆವಲ್ಲ?’

‘ನೋಡಿದ್ದು ಒಬ್ಬಳನ್ನ. ವಿಷಯ ಅಂತ ಹೇಳಿದ್ದು ಆನಿಗಳನ್ನ. ಉಳಿದವರು ಹಾಗೆ ಮಾಡ್ತಾರೋ ಇಲ್ವೋ ನೀವೂ ನೋಡಿಲ್ಲ, ನಾನೂ ಹೇಳೋಕಾಗಲ್ಲ. ಅವರನ್ನ ಇಲ್ಲಿ ಯಾರೂ ಇನ್ನೂ ಕೂರಿಸಿ ನೋಡಿಲ್ಲ.’

ತೊಗ್ಮೆ ಎತ್ತಿದ ಕೈಯನ್ನು ಹಾಗೇ ಇಳಿಸಿ, ಮಠಾಧೀಶರ ಕಡೆ ತಿರುಗಿ ತಲೆಬಾಗಿ, ತಮ್ಮ ಜಾಗಕ್ಕೆ ಹೋಗಿ ಕೂತರು. ಮಠಾಧೀಶರು ಬಹಳ ಹೊತ್ತು ಜಪಮಾಲೆಯ ಮಣಿ ತಿರುವುತ್ತಿದ್ದರು. ಅವರು ಕಡಿಮೆ ಮಾತಿನವರು. ಆನಿಗಳು ಬರುವುದು ಅವರಿಗೆ ಒಳಗೊಳಗೇ ಇಷ್ಟವಿರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

‘ತೊಗ್ಮೇ, ಒಂದು ಕಾರಣ ಸಿದ್ಧವೋ ಅಲ್ಲವೋ ತಿಳಿಯೋದು ಹೇಗೆ?’ ಎಂದು ಕೇಳಿದರು.

‘ನೋಡಿದ್ರೆ, ರಿನ್‌ಪೋಚೆ,’ ಎಂದು ತೊಗ್ಮೆ ಗೌರವದಿಂದ ಹೇಳಿದರು.

‘ಹಾಗಾದ್ರೆ ನೋಡ್ಲೇಬೇಕು. ನನಗೆ ಇಷ್ಟ ಇದೆಯೋ ಇಲ್ಲವೋ ಅನ್ನೋದು ಇಲ್ಲಿ ಕಾರಣ ಅಲ್ಲ.’ ಅವರು ಹಿಂದಿನ ಸಾಲಿನ ಕಡೆ ನೋಡಿದರು. ‘ಬರೋ ಚಳಿಗಾಲ ನೀವೆಲ್ಲರೂ ಬನ್ನಿ. ಅದರ ಮುಂದಿನ ಚಳಿಗಾಲವೂ ಬನ್ನಿ. ಒಂದು ಸಲ ನೋಡಿ ಮುಗಿಸೋ ಕೆಲಸ ಅಲ್ಲ ಇದು.’

ಆಮೇಲೆ ಗದ್ದಲವೋ ಗದ್ದಲ. ಆನಿಗಳು ಅತ್ತರು, ನಕ್ಕರು, ಒಬ್ಬರ ಶಾಲನ್ನು ಇನ್ನೊಬ್ಬರು ಹೊದ್ದರು. ಝೋಂಪಾ ನೂಕಿಕೊಂಡು ಬಂದು ಪೆಲ್ಮೋಳ ಕೈಗೆ ಬಿಸಿ ರೊಟ್ಟಿಯೊಂದನ್ನು ತುರುಕಿದಳು. ‘ಮೊದಲನೇ ಉತ್ತರಕ್ಕೆ ನಿನ್ನ ಕೊಲ್ಲಬೇಕು ಅನ್ನಿಸ್ತು. ಕೊನೇದಕ್ಕೆ ಮತ್ತೆ ಕೊಲ್ಲಬೇಕು ಅನ್ನಿಸ್ತು. ತಿನ್ನು, ಮುಖ ಬಿಳಿಚಿಕೊಂಡಿದೆ,’ ಎಂದಳು. ಪೆಲ್ಮೋಗೆ ರೊಟ್ಟಿ ಇಳಿಯಲಿಲ್ಲ. ಅವಳ ಕಣ್ಣು ಖಾಲಿಯಾಗಿದ್ದ ಸ್ಟೂಲಿನ ಮೇಲಿತ್ತು.

ಗೆನ್ ವಿಹಾರದ ಹಿತ್ತಿಲಲ್ಲಿ, ಬಿಸಿಲು ಬೀಳುವ ಗೋಡೆಗೆ ಒರಗಿ ನಿಂತಿದ್ದರು. ಪೆಲ್ಮೋ ಹತ್ತಿರ ಹೋಗಿ, ಕಾಲಿಗೆ ಬೀಳಲು ಬಾಗಿದಳು. ಅವರು ತೋಳು ಹಿಡಿದು ತಡೆದರು. ಕಣ್ಣು ಕೆಂಪಾಗಿತ್ತು, ಚಳಿಗಾಳಿಗೋ ಏನೋ.

‘ಕೂತ್ಕೋ,’ ಎಂದರು.

‘ನೀವು ನಿಂತಿದ್ದೀರಿ, ಗೆನ್ ಲಾ.’

‘ಅದಕ್ಕೇ ಕೂತ್ಕೋ ಅಂದಿದ್ದು.’

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಗುರು ನಿಲ್ಲುವುದು, ಶಿಷ್ಯೆ ಉತ್ತರದ ಜಾಗದಲ್ಲಿ ಕೂರುವುದು ಅವರಲ್ಲಿ ಸುಮ್ಮನೆ ನಡೆಯುವುದಲ್ಲ. ಸರಿಸಮನೆಂದು ಒಪ್ಪಿದವರ ಎದುರಿಗೆ ಮಾತ್ರ ಒಬ್ಬ ಗೆನ್ ಹಾಗೆ ನಿಲ್ಲುತ್ತಾರೆ. ಪೆಲ್ಮೋ ತಣ್ಣನೆಯ ನೆಲದ ಮೇಲೆ ಕೂತಳು. ಗೆನ್ ಗೋಡೆಯಿಂದ ಬೆನ್ನು ಬಿಡಿಸಿಕೊಂಡು ಕೈಯೆತ್ತಿದರು. ಕಾಲು ಅಪ್ಪಳಿಸಲು ಮೊಣಕಾಲು ಬಿಡಲಿಲ್ಲ. ಚಪ್ಪಾಳೆ ಮಾತ್ರ ಮೆಲ್ಲಗೆ ಬಿತ್ತು.

‘ಧೀಃ. ವಿಷಯ: ಮುದುಕ ರಾಬ್ಸೆಲ್. ಅವನಿಗೆ ಅಷ್ಟು ದೊಡ್ಡ ತೂತು ಕಾಣ್ಲಿಲ್ಲ. ಯಾಕಂದ್ರೆ ಅವನಿಗೆ ಆ ತೀರ್ಮಾನದ ಮೇಲೆ ಪ್ರೀತಿ ಇತ್ತು.’

ಎಷ್ಟು ಒಪ್ಪುವಂಥ ಮಾತು ಅದು. ಪ್ರೀತಿಯೇ ಕಣ್ಣಿಗೆ ಅಡ್ಡ ಬಂತು ಎಂದುಬಿಟ್ಟರೆ ಮುದುಕರ ತಪ್ಪೂ ಸುಂದರವಾಗಿಬಿಡುತ್ತದೆ. ಇಬ್ಬರೂ ಕಣ್ಣೊರೆಸಿಕೊಂಡು ಎದ್ದು ಹೋಗಬಹುದು. ಪೆಲ್ಮೋ ತನ್ನ ಗುರುವಿನ ಮುಖವನ್ನು ಸಭೆಯ ಆ ಉತ್ತರದ ಮೇಲೆ ಮೊದಲ ಸಲ ನೇರವಾಗಿ ನೋಡಿದಳು.

‘ವ್ಯಾಪ್ತಿ ಇಲ್ಲ, ಗೆನ್ ಲಾ.’

ಅವರ ಕೈ ಮೇಲೆಯೇ ನಿಂತಿತು. ‘ಪ್ರೀತಿ ಇದ್ದೂ ಕಂಡವರು ಯಾರಿದ್ದಾರೆ? ತೋರಿಸು.’

‘ನಾನು,’ ಎಂದಳು ಪೆಲ್ಮೋ. ‘ನನಗೂ ಅದರ ಮೇಲೆ ನಿಮ್ಮಷ್ಟೇ ಪ್ರೀತಿ ಇತ್ತು.’

ರಾಬ್ಸೆಲ್ ಗೆನ್ ಅವರ ತುಟಿ ಅದುರಿತು. ಆಮೇಲೆ ನಗು ಬಂತು, ನಕ್ಕು ನಕ್ಕು ಕೆಮ್ಮು ಹತ್ತಿತು, ಮೊಣಕಾಲು ಕುಸಿಯುವಂತಾಯಿತು. ಪೆಲ್ಮೋ ಗಾಬರಿಯಾಗಿ ಅವರನ್ನು ಹಿಡಿಯಲು ಎದ್ದಳು. ಅವರು ಬೇಡವೆಂದು ಕೈಯಾಡಿಸಿ, ಗೋಡೆ ಹಿಡಿದು ನೆಟ್ಟಗೆ ನಿಂತರು.

‘ಏಳಬೇಡ, ಕೂತ್ಕೋ,’ ಎಂದರು. ‘ನಾನು ಬೇರೆ ಕಾರಣ ತರ್ತೀನಿ.’